ಗಂಟು ಬಿಚ್ಚದ ಕಂಬಳಿ

"ಎತ್ತೇ ಅದನ್ನ, ಎತ್ತು. ಕುರಿಹಟ್ಟಿ ಅಂದ್ಕೊಂಡಿದೀಯೇನೆ ಇದನ್ನ? ಒಳಗೆ ಕೂತಿರೋ ಹುಡುಗ್ರು ಮೂಗು ಮುಚ್ಕೊಂಡು ಎದ್ದು ಹೋಯ್ತಾವ್ರೆ."

ಈಶ್ವರ್ ಮಾರಲು ತಂದು ಮೆಟ್ಟಿಲ ಮೇಲಿಟ್ಟಿದ್ದ ಕಂಬಳಿ ಸುರುಳಿಯನ್ನು ಚಪ್ಪಲಿಗಾಲಿನಿಂದ ಅತ್ತ ತಳ್ಳಿದ. ತಿಪ್ಪಕ್ಕ ಅದನ್ನು ಬಾಚಿ ಎದೆಗವುಚಿಕೊಂಡು ಒಂದು ಮೆಟ್ಟಿಲು ಕೆಳಗೆ ಸರಿದಳು. ಇನ್ನೂ ಕೆಳಗೆ ಎನ್ನುವಂತೆ ಅವನು ಬೆರಳು ತೋರಿಸಿದ. ಮೆಟ್ಟಿಲು ಮುಗಿದ ಮೇಲೆ ಉಳಿದದ್ದು ಚರಂಡಿ. ಅದರ ಮೇಲೆ ಹಾಸಿದ್ದ ಚಪ್ಪಡಿಯ ಮೇಲೆ ಅವಳು ಕುಕ್ಕರುಗಾಲಿನಲ್ಲಿ ಕೂತಳು. ಚಪ್ಪಡಿ ಅಲ್ಲಾಡುತ್ತಿತ್ತು. ಒಂದು ಕೈಯನ್ನು ನೆಲಕ್ಕೆ ಊರಿಕೊಂಡಳು.

ಹಿಂದೂಪುರದ ಹುಣಸೆಹಣ್ಣಿನ ಮಂಡಿಗಳ ಬೀದಿ ಅದು. ಈಶ್ವರನ ಅಪ್ಪನ ಮಂಡಿ, ಅದಕ್ಕೆ ಅಂಟಿಕೊಂಡಂತೆ ಮಗನ ಇಂಟರ್‌ನೆಟ್ ಸೆಂಟರು. ಒಂದೇ ಗೋಡೆ. ಆಚೆ ಬದಿಗೆ ಹೆಂಗಸರು ಹುಣಸೆ ಜಜ್ಜಿ ಬೀಜ ಬಿಡಿಸುವ ಸದ್ದು, ಈಚೆ ಬದಿಗೆ ಪ್ಲೈವುಡ್ ಗೂಡುಗಳಲ್ಲಿ ಕೀಲಿಮಣೆ ಕುಟ್ಟುವ ಸದ್ದು.

"ಅಂಬರೀಶ್, ಈಯಮ್ಮಂಗೆ ಹೇಳಿ ಕಳ್ಸು. ನಿಮ್ಮ ಕಲ್ಯಾಣದುರ್ಗದ ಕಡೇದೇ ಇರಬೇಕು."

ಅಂಬರೀಶ್ ಬಾಗಿಲ ಬಳಿಯ ಕಂಪ್ಯೂಟರಿನಿಂದ ಎದ್ದು ಬಂದ. ಹಾಲ್ ಟಿಕೆಟ್ ಪ್ರಿಂಟಿಗೆ ಕಾದಿದ್ದ ಕಾಲೇಜು ಹುಡುಗಿಯರು ಅವನನ್ನೂ ನೋಡಿದರು, ಚಪ್ಪಡಿಯ ಮೇಲಿನ ಹೆಂಗಸನ್ನೂ ನೋಡಿದರು. ತಿಪ್ಪಕ್ಕ ಅವನ ಅವ್ವನ ತಂಗಿ. ಅವ್ವ ಸತ್ತ ಮೇಲೆ ಸಾಕಿದವಳು. ಹಾಸ್ಟೆಲಿಗೆ ಸೇರಿಸಲು ತಲೆಯ ಮೇಲೆ ಟ್ರಂಕು ಹೊತ್ತು ಇದೇ ಊರಿಗೆ ಬಂದಿದ್ದವಳು. ಇಬ್ಬರ ನಡುವೆ ಎಂದೂ ಕನ್ನಡ ಬಿಟ್ಟು ಬೇರೆ ಮಾತು ಆಡಿದ್ದೇ ಇಲ್ಲ.

"ಡಬ್ಬು ಇಂಕಾ ರಾಲೇದಮ್ಮಾ," ಎಂದ ಅವನು. ದುಡ್ಡು ಇನ್ನೂ ಬಂದಿಲ್ಲವೆಂದು ಗುರುತಿಲ್ಲದವಳಿಗೆ ಹೇಳುವಂತೆ ತೆಲುಗಿನಲ್ಲಿ ಹೇಳಿದ.

ತಿಪ್ಪಕ್ಕ ತಲೆಯೆತ್ತಿ ಅವನ ಮುಖ ನೋಡಿದಳು. ಅವನ ಹಿಂದಿದ್ದ ಹುಡುಗಿಯರನ್ನು ನೋಡಿದಳು. ಆಮೇಲೆ ತಾನೂ ತೆಲುಗಿನಲ್ಲೇ, "ಸರೇ ಸಾರ್," ಅಂದಳು.

ಈಶ್ವರ್ ಮಂಡಿಯ ಕಡೆ ಹೋದ. ಹುಡುಗಿಯರು ಪ್ರಿಂಟು ತೆಗೆದುಕೊಂಡು ಹೋದರು. ಆಗ ಅಂಬರೀಶ್ ಮೆಟ್ಟಿಲಿಳಿದು ಅವಳ ಪಕ್ಕ ನಿಂತ. ಏನಾದರೂ ಅಂದಾಳೆಂದು ಕಾದ. ಅವಳು ಆ ಮಾತೇ ಎತ್ತಲಿಲ್ಲ. ಟೀ ಕುಡಿದೆಯಾ ಎಂದು ಕೇಳಿದಳು, ಬಡಕಲಾಗಿದ್ದೀಯ ಎಂದಳು, ಪಾವಗಡದ ಬಸ್ಸಿನಲ್ಲಿ ಕಂಡಕ್ಟರು ಕಂಬಳಿಗೂ ಟಿಕೀಟು ಹರಿದ ಎಂದು ನಕ್ಕಳು. ನಗು ನಿಂತ ಮೇಲೆ ಬಂದ ಕೆಲಸ ಹೇಳಿದಳು.

"ಸೋಮ್ವಾರ ಉಣ್ಣೆ ಕತ್ರುಸ್ತಾರೆ ಕಣ್ಲಾ. ಕೆರೆ ಏರಿ ಮ್ಯಾಗೆ. ಅಷ್ಟೊತ್ತಿಗೆ ದುಡ್ಡು ಬಂದಾತಾ?"

ಅದನ್ನು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕುರಿ ಇದ್ದವರು ಏರಿಯ ಮೇಲೆ ಮಂದೆ ತಂದು ಉಣ್ಣೆ ಕತ್ತರಿಸುತ್ತಾರೆ. ಅಲ್ಲೇ, ಅಂದೇ, ಕೈಗೆ ಕೈ ದುಡ್ಡು ಕೊಟ್ಟವರಿಗೆ ಉಣ್ಣೆ. ಸಾಲದ ಮಾತಿಲ್ಲ, ಸಂಜೆ ಬಾ ಅನ್ನುವಂತಿಲ್ಲ. ನೇಕಾರರು ಬಿಟ್ಟದ್ದನ್ನೆಲ್ಲ ಕಲ್ಯಾಣದುರ್ಗದ ಮುತ್ಯಾಲಪ್ಪ ಲಾರಿಗೆ ತುಂಬುತ್ತಾನೆ. ಆಮೇಲೆ ಅದೇ ಉಣ್ಣೆಯನ್ನು ನೇಕಾರರ ಮನೆಗೇ ತಂದು ಹಾಕಿ ನೂಲಿ, ನೇಯಿ, ಕೂಲಿ ತಗೋ ಅನ್ನುತ್ತಾನೆ. ಒಂದು ಸಲ ಅವನ ಉಣ್ಣೆ ಮಗ್ಗಕ್ಕೇರಿದರೆ ಮುಗಿಯಿತು. ಮುಂದಿನ ಸಲದ ಉಣ್ಣೆಗೆ ಕೂಲಿಯಲ್ಲಿ ಏನೂ ಉಳಿಯುವುದಿಲ್ಲ. ನೇಕಾರರ ಆ ಹಟ್ಟಿಯಲ್ಲಿ ಅವನ ಕೂಲಿಗೆ ಬೀಳದೆ ಉಳಿದದ್ದು ತಿಪ್ಪಕ್ಕನ ಮನೆ, ನರಸಕ್ಕನ ಮನೆ, ಎರಡೇ.

"ಪುಣೇಲಿ ಬೆಲೆ ಒಪ್ಕೊಂಡವರು ಇಷ್ಟು ದಿನ ಸುಮ್ನಿದಾರೆ ಅಂದ್ರೆ ಮನೇಲಿ ಏನೋ ಕೆಟ್ಟದ್ದು ಆಗಿರ್ಬೇಕು. ಸಾವೋ ನೋವೋ. ಜೋರು ಮಾಡಿ ಕೇಳ್ಬ್ಯಾಡ ನೀನು. ಸೋಮ್ವಾರದ ಮಾತು ಮಾತ್ರ ಹೇಳು."

ಅಂಬರೀಶ್ ಹೂಂ ಅಂದ.

"ನಿಮ್ಮ ಚಿಕ್ಕಪ್ಪ ಬಯ್ತು ನಂಗೆ. ಗೋರಂಟ್ಲದ ಕಾಳಪ್ಪ ದುಡ್ಡು ಹಿಡ್ಕಂಡು ಬಾಗಿಲಿಗೆ ಬಂದಿದ್ದ, ಮಗಳ ಮದುವೆ ಗದ್ದಿಗೆಗೆ ಹಾಸೋಕೆ ಕರಿ ಕಂಬಳಿ ಬೇಕು ಅಂತ. ಬೆಲೆ ಆಗಿ ಗಂಟು ಬಿದ್ದೈತೆ ಕಣಪ್ಪ ಅಂದು ಕಳಿಸ್ದೆ. ಈಗ ಬಯ್ದು ಏನು ಬಂತು, ಗಂಟು ಹಾಕಿದ್ದು ಅದೇ ಮುದುಕ." ಅವಳು ಸೆರಗಿನ ತುದಿ ಬಿಚ್ಚಿ ಒಂದು ಹಿಡಿ ಬೇವಿನ ಎಲೆ ತೆಗೆದಳು. ನೆರಳಲ್ಲಿ ಒಣಗಿಸಿದ್ದು. "ನೀನು ಒಳಗಿಟ್ಟಿರೋ ಕರಿ ಕಂಬಳಿ ಮಡಿಕೇಲಿ ಇಡು. ನುಸಿ ಬಿದ್ದಾತು. ಕೊಂಡವರಿಗೆ ತೂತು ಕಂಬಳಿ ಹೋಗಬಾರ್ದು."

ಅವನು ಎಲೆಗಳನ್ನು ಬೊಗಸೆಯಲ್ಲಿ ಈಸಿಕೊಂಡು ಒಳಗೆ ಹೋದ. ಅವಳು ನೋಡುತ್ತಿದ್ದಳು, ಅದಕ್ಕೆ ಹೋಗಲೇಬೇಕಾಯಿತು. ಹಿಂದಿನ ಕೋಣೆಯಲ್ಲಿ ಬ್ಯಾಟರಿಗಳ ಕಬ್ಬಿಣದ ಚೌಕಟ್ಟಿನ ಕೆಳಗೆ, ಗೋಣಿಚೀಲದಲ್ಲಿ, ಅವನು ರಾತ್ರಿ ಹಾಸಿಕೊಳ್ಳುವ ಹಳೆ ಕಂಬಳಿ ಇತ್ತು. ಹಗಲು ಯಾರಿಗೂ ವಾಸನೆ ಬರದಿರಲೆಂದು ಅದನ್ನು ಚೀಲದಲ್ಲಿಟ್ಟು ಮೇಲೆ ಪೌಡರು ಉದುರಿಸುತ್ತಿದ್ದ. ತಿಪ್ಪಕ್ಕನ ಕರಿ ಕಂಬಳಿ ಅಲ್ಲಿರಲಿಲ್ಲ. ಅದು ಪುಣೆಗೆ ಹೋಗಿ ಬಹಳ ದಿನವಾಗಿತ್ತು. ಬೇವಿನೆಲೆಯನ್ನು ಅವನು ತನ್ನ ಕಂಬಳಿಯ ಮಡಿಕೆಗೆ ತುರುಕಿ ಕೈ ಕೊಡವಿಕೊಂಡು ಹೊರಗೆ ಬಂದ.

"ಇಟ್ಟೆಯಾ?"

"ಇಟ್ಟೆ ಚಿಕ್ಕವ್ವ."

* * *

ಹಟ್ಟಿಯಲ್ಲಿ ಒಂದು ಕಟ್ಟಳೆ. ಕಂಬಳಿಯ ಬೆಲೆ ಬಾಯಲ್ಲಿ ಕುದುರಿದ ಕೂಡಲೇ ಅದರ ಒಂದು ಮೂಲೆಯಲ್ಲಿ ಬಿಟ್ಟ ನೂಲೆಳೆಗಳನ್ನು ಹಿಡಿದು ಗಂಟು ಹಾಕುತ್ತಾರೆ. ಗಂಟು ಬಿದ್ದ ಕಂಬಳಿಯನ್ನು ಮನೆಯವರು ಹೊದೆಯುವುದಿಲ್ಲ, ಮತ್ತೊಬ್ಬರಿಗೆ ತೋರಿಸುವುದೂ ಇಲ್ಲ. ಕೊಂಡವನು ದುಡ್ಡು ಕೊಡುವಾಗ ಆ ಗಂಟನ್ನು ಕತ್ತರಿಸಿ ದುಡ್ಡಿನ ಜೊತೆಗೇ ನೇಕಾರನ ಕೈಗಿಡುತ್ತಾನೆ. ನೇಕಾರ ಅದನ್ನು ಮಗ್ಗದ ಕಂಬಕ್ಕೆ ಕಟ್ಟುತ್ತಾನೆ. ತಿಪ್ಪಕ್ಕನ ಗಂಡ ಜೋಗಪ್ಪನ ಮಗ್ಗದ ಕಂಬ ಅಂಥ ಗಂಟುಗಳಿಂದ ಜೇನುಗೂಡಿನಂತೆ ದಪ್ಪಗಾಗಿತ್ತು.

ಕಂಬಳಿಗಳನ್ನು ಇಂಟರ್‌ನೆಟ್ಟಿನಲ್ಲಿ ಮಾರುವ ಉಪಾಯವನ್ನು ಈಶ್ವರನ ಕಿವಿಗೆ ಹಾಕಿದವನು ಅಂಬರೀಶನೇ. ಮುತ್ಯಾಲಪ್ಪನ ಬಾಯಿಂದ ಹಟ್ಟಿಯನ್ನು ಬಿಡಿಸಿದ ಹಾಗಾಗುತ್ತದೆ ಅಂದುಕೊಂಡಿದ್ದ. ಮುಂಬಯಿಯ ಒಂದು ಮಾರಾಟದ ವೆಬ್‌ಸೈಟಿನಲ್ಲಿ ಈಶ್ವರನ ಹೆಸರಲ್ಲಿ ಖಾತೆ ತೆರೆದರು. ಕಂಬಳಿಯ ಫೋಟೋ ಹಾಕಿ ಇಷ್ಟು ಬೆಲೆ ಎಂದು ಬರೆದರೆ, ನೋಡಿದವರು ಇಷ್ಟಕ್ಕೆ ಕೊಡುತ್ತೀರಾ ಎಂದು ತಮ್ಮ ಬೆಲೆ ಕಳಿಸುತ್ತಾರೆ. ಒಪ್ಪಿಗೆ ಎಂಬ ಗುಂಡಿ ಒತ್ತಿದರೆ ವ್ಯಾಪಾರ ಕುದುರಿದಂತೆ. ಕರಿ ಕಂಬಳಿಗೆ ಪುಣೆಯಿಂದ ತನುಜಾ ಎಂಬಾಕೆ ಬೆಲೆ ಕಳಿಸಿದಾಗ ಅಂಬರೀಶ್ ಹಟ್ಟಿಯ ಟೀ ಅಂಗಡಿಗೆ ಫೋನು ಮಾಡಿ ತಿಪ್ಪಕ್ಕನನ್ನು ಕರೆಸಿ ಕೇಳಿ, ಅವಳು ಹೂಂ ಅಂದ ಮೇಲೆ ಗುಂಡಿ ಒತ್ತಿದ್ದ. ಅತ್ತ ಜೋಗಪ್ಪ ಕಂಬಳಿಗೆ ಗಂಟು ಹಾಕಿ ಬಸ್ಸಿಗೆ ಕಳಿಸಿದ್ದ.

ಒಪ್ಪಿದ ಕೂಡಲೇ ದುಡ್ಡು ಬರುವುದಿಲ್ಲ. ಕೊಂಡವರು ಕಟ್ಟಲು ಕೆಲವು ದಿನದ ವಾಯಿದೆ. ಕಟ್ಟಿದ ಮೇಲೆ ಮಾಲು ತಲುಪುವ ತನಕ ಕಂಪನಿಯವರು ದುಡ್ಡನ್ನು ಹಿಡಿದಿಟ್ಟುಕೊಳ್ಳುತ್ತಾರೆ. ತಲುಪಿತೆಂದು ಕೊಂಡವರು ಹೇಳಿದ ಮೇಲೆ ಬ್ಯಾಂಕಿಗೆ ಬಿಡುತ್ತಾರೆ. ಇದೆಲ್ಲ ನಿಜ. ಈ ನಿಜದ ಮೇಲೇ ಈಶ್ವರ್ ತನ್ನ ಆಟ ಕಟ್ಟಿದ್ದ. ದುಡ್ಡು ಬ್ಯಾಂಕಿಗೆ ಬಂದು ಬಿದ್ದಾಗ ನೇಕಾರರಿಗೆ ಕಂಪನಿಯಲ್ಲಿದೆ ಎನ್ನಬೇಕು. ಕಂಪನಿಯಲ್ಲಿದ್ದಾಗ ಇನ್ನೂ ಕಟ್ಟಿಲ್ಲ ಎನ್ನಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಫೋನಿನಲ್ಲಿ ಇದನ್ನು ಹೇಳುವ ಕೆಲಸ ಅಂಬರೀಶನದು. ಹೇಳಿ ಹೇಳಿ ಅವನಿಗೆ ಎಷ್ಟು ರೂಢಿಯಾಗಿತ್ತೆಂದರೆ, ಫೋನಿಟ್ಟ ಮೇಲೆ ತಾನು ಯಾವುದನ್ನು ಹೇಳಿದೆನೆಂಬುದೇ ನೆನಪಿರುತ್ತಿರಲಿಲ್ಲ.

ತಿಪ್ಪಕ್ಕ ಬಸ್ಸು ಹತ್ತಿ ಹೋದ ಸಂಜೆ ಅವನು ಧೈರ್ಯ ಮಾಡಿ ಪುಣೆಯ ದುಡ್ಡಿನ ಮಾತೆತ್ತಿದ. ಈಶ್ವರ್ ಬಯ್ಯಲಿಲ್ಲ. ಹೆಗಲ ಮೇಲೆ ಕೈಹಾಕಿ ಮಂಡಿಗೆ ಕರೆದುಕೊಂಡು ಹೋಗಿ ಸೂರಿಗೆ ಮುಟ್ಟುವಂತೆ ಪೇರಿಸಿದ್ದ ಹುಣಸೆ ಚೀಲಗಳನ್ನು ತೋರಿಸಿದ.

"ನೋಡು, ದುಡ್ಡು ಇಲ್ಲೇ ಐತೆ. ಓಡೋಗ್ತದಾ? ಸೀಜನ್ನಲ್ಲಿ ಹಾಕಿದ್ರೆ ಮಳೆಗಾಲಕ್ಕೆ ಒಂದಕ್ಕೆ ಒಂದೂವರೆ. ಕೊಡಲ್ಲ ಅಂದ್ನಾ ನಾನು? ಲೇಟು ಅಂದೆ. ಅವರು ಮೂರು ತಿಂಗ್ಳು ಕುಂಡೆ ಊರಿ ಒಂದು ಕಂಬಳಿ ನೇಯ್ತಾರೆ, ಅವರಿಗೇನು ಅರ್ಜೆಂಟು? ನಿನ್ನ ಸಂಬ್ಳನೂ ಇದ್ರಾಗಿಂದಾನೇ ಬರೋದು, ನೆನಪಿಟ್ಕೋ."

ಅಂಬರೀಶ್ ಸೆಂಟರಿಗೆ ವಾಪಸು ಬಂದು ಪುಣೆಯಿಂದ ಬಂದಿದ್ದ ಇ-ಮೇಲನ್ನು ಮತ್ತೆ ತೆರೆದ. ತನುಜಾ ಒಂದು ಫೋಟೋ ಕಳಿಸಿದ್ದಳು. ಬಿಳಿ ಗೋಡೆ, ಕಿಟಕಿ, ಕುರ್ಚಿಯಲ್ಲಿ ವಯಸ್ಸಾದ ಹೆಂಗಸು, ಅವಳ ಕಾಲ ಮೇಲೆ ಕರಿ ಕಂಬಳಿ. ಅಮ್ಮನಿಗೆ ತುಂಬಾ ಹಿಡಿಸಿತು, ದುಡ್ಡು ಅಂದೇ ಕಟ್ಟಿದೆ, ಸೇರಿತೆಂದು ಭಾವಿಸುತ್ತೇನೆ ಎಂದು ಬರೆದಿದ್ದಳು. ಮೂಲೆಯಲ್ಲಿ ಒಂದು ಗಂಟಿದೆಯಲ್ಲ, ಬಿಚ್ಚಬೇಕೇ, ಹಾಗೇ ಇಡಬೇಕೇ ಎಂದು ಕೇಳಿದ್ದಳು.

ಕೆಳಗೆ ಅವನೇ ಕಳಿಸಿದ ಉತ್ತರವಿತ್ತು. ಅದು ಬರೀ ಅಲಂಕಾರ, ಹಾಗೇ ಇರಲಿ.

* * *

ಸೋಮವಾರಕ್ಕೆ ಮುಂಚೆ ಹೋಗಬೇಕೆಂದಿದ್ದ. ಮಂಡಿಗೆ ಮಾಲು ಬಂದಿತ್ತು, ಈಶ್ವರ್ ರಜ ಕೊಡಲಿಲ್ಲ, ಸಂಬಳವನ್ನೂ ಕೊಡಲಿಲ್ಲ. ಎರಡೂ ಸಿಕ್ಕಿದ್ದು ಅದರ ಮುಂದಿನ ವಾರ, ಗುರುವಾರ. ಸಂಬಳಕ್ಕೆ ಕೂಡಿಟ್ಟದ್ದನ್ನೂ ಸೇರಿಸಿದರೆ ಪುಣೆಯ ಬೆಲೆಗೆ ಸರಿಹೋಗುತ್ತಿತ್ತು. ಪುಣೆಯವರೇ ಕೊಟ್ಟರೆಂದು ಕೊಟ್ಟುಬಿಟ್ಟರೆ ಆಯಿತು. ಗಂಟಿನ ನೆನಪಾದದ್ದು ಹೊರಡುವ ಹೊತ್ತಿಗೆ. ಚೀಲದಿಂದ ತನ್ನ ಹಳೆ ಕಂಬಳಿ ಎಳೆದು ಅಂಚಿನ ಎಳೆಗಳನ್ನು ಕಿತ್ತು, ಟ್ಯೂಬ್‌ಲೈಟಿನ ಕೆಳಗೆ ಕೂತು, ಜೋಗಪ್ಪ ಹಾಕುವ ಹಾಗೇ ಬಿಗಿಯಾಗಿ ಒಂದು ಗಂಟು ಹಾಕಿದ. ಕಪ್ಪಗೆ ಚೆನ್ನಾಗಿಯೇ ಕಂಡಿತು.

ಹಟ್ಟಿಗೆ ಬಂದಾಗ ಮಧ್ಯಾಹ್ನ. ಕೆರೆ ಏರಿಯ ಮೇಲೆ ಉಣ್ಣೆಯ ಚೂರುಗಳು ಜಾಲಿ ಮುಳ್ಳಿಗೆ ಸಿಕ್ಕಿ ಹಾರಾಡುತ್ತಿದ್ದವು. ಮನೆಯ ಮುಂದೆ ಜೋಗಪ್ಪ ನೂಲನ್ನು ಉದ್ದಕ್ಕೆ ಬಿಗಿದು ಹೊಸ ಹಾಸು ಕಟ್ಟಿ, ಬೇಯಿಸಿದ ಹುಣಸೆಬೀಜದ ಗಂಜಿಯನ್ನು ನೂಲಿಗೆ ಬಳಿಯುತ್ತಿದ್ದ. ಅಂಬರೀಶನಿಗೆ ಎದೆ ಹಗುರವಾಯಿತು. ಹೆಂಗೋ ಉಣ್ಣೆ ಸಿಕ್ಕಿದೆ.

"ಯಾರ್ದು ಚಿಕ್ಕಪ್ಪ ಉಣ್ಣೆ?"

"ಮುತ್ಯಾಲಪ್ಪಂದು."

ಜೋಗಪ್ಪ ತಲೆ ಎತ್ತದೆ ಕುಂಚ ಎಳೆದ. ಒಳಗಿನಿಂದ ಬಂದ ತಿಪ್ಪಕ್ಕ ನೀರು ಕೊಟ್ಟಳು. ದೂರೇನೂ ಹೇಳಲಿಲ್ಲ. ಏರಿಯ ಮೇಲೆ ಹೊತ್ತು ಮುಳುಗುವ ತನಕ ಕೂತಿದ್ದೆವು, ನೀನು ಬಂದರೂ ಬರಬಹುದು ಅಂತ ನಾನೇ ಅಂದೆ, ಲಾರಿ ಹೊರಟ ಮೇಲೆ ಎದ್ದು ಬಂದೆವು ಎಂದಳು. ನರಸಕ್ಕನದೂ ಇದೇ ಪಾಡಾಗಿತ್ತು. ಅವಳ ಕಂಬಳಿಯೂ ಈಶ್ವರನ ಸೆಂಟರಿಗೇ ಹೋಗಿತ್ತು.

ಅಂಬರೀಶ್ ನೋಟಿನ ಕಟ್ಟನ್ನೂ ಗಂಟನ್ನೂ ಅವಳ ಕೈಯಲ್ಲಿಟ್ಟ. ಪುಣೆಯವರದು ಬಂತು ಚಿಕ್ಕವ್ವ, ಹತ್ತು ದಿನ ತಡವಾಯಿತು ಎಂದ.

ಅವಳು ನೋಟಿನ ಕಡೆ ನೋಡಲಿಲ್ಲ. ಗಂಟನ್ನು ಎರಡು ಬೆರಳಲ್ಲಿ ಹಿಡಿದು ಬಿಸಿಲಿಗೆ ಎತ್ತಿದಳು. ಬಿಸಿಲಿನಲ್ಲಿ ಅದು ಕಪ್ಪಗಿರಲಿಲ್ಲ. ಒಣಗಿದ ರಾಗಿ ತೆನೆಯ ಹಾಗೆ ಕಂದು ಬಣ್ಣ. ಅಂಬರೀಶನಿಗೂ ಈಗ ಕಂಡಿತು. ಹಾಸ್ಟೆಲಿಗೆ ಹೋಗುವಾಗ ಹೊದೆಯಲೆಂದು ಅವಳು ಕೊಟ್ಟ ಆ ಹಳೆ ಕಂಬಳಿ ಕೆಂದ ಕುರಿಯ ಉಣ್ಣೆಯದು. ಟ್ಯೂಬ್‌ಲೈಟಿನ ಕೆಳಗೆ ಅದು ಕಾಣದೆ ಹೋಗಿತ್ತು.

"ಪೌಡ್ರು ವಾಸ್ನೆ ಬತ್ತೈತೆ," ಎಂದಳು ತಿಪ್ಪಕ್ಕ.

ಜೋಗಪ್ಪನ ಕುಂಚ ನಿಂತಿತು.

"ನಮ್ಮ ಗಂಟು ಎಲ್ಲೈತೆ ಅಂಬ್ರೀಸ?"

"ಪುಣೇಲಿ."

"ಕಂಬಳಿ?"

"ಅದೂ ಅಲ್ಲೇ."

"ಯಾವತ್ತು ಹೋಯ್ತು?"

ಅವನು ನೂಲಿನ ಕಡೆ ಮುಖ ತಿರುಗಿಸಿದ. ಅವಳು ಮೆತ್ತಗೆ, "ಬೇವಿನಸೊಪ್ಪು ಎಲ್ಲಿಟ್ಟೆ ಮತ್ತೆ?" ಅಂದಳು.

ಜೋಗಪ್ಪ ಗಂಜಿಯ ಕೈಯನ್ನು ಪಂಚೆಗೆ ಒರೆಸಿಕೊಂಡು ಎದ್ದು ಬಂದ. "ಬೋಳಿಮಗನೆ," ಅಂದ. ಹೊಡೆಯಲು ಎತ್ತಿದ ಕೈ ಹಾಗೇ ನಿಂತು ಕೆಳಗಿಳಿಯಿತು. ಹೊಡೆದಿದ್ದರೆ ಚೆನ್ನಾಗಿತ್ತೆಂದು ಅಂಬರೀಶನಿಗೆ ಅನಿಸಿತು.

ತಿಪ್ಪಕ್ಕ ನೋಟಿನ ಕಟ್ಟನ್ನು ಅವನ ಜೇಬಿಗೆ ತುರುಕಿದಳು. "ಇದು ಯಾರ ದುಡ್ಡು?"

"ನಂದೇ ಚಿಕ್ಕವ್ವ. ಸಂಬಳದ್ದು. ಇಟ್ಕ."

"ನಾನೇನು ನಿಂಗೆ ಮಾರಿದ್ನಾ ಕಂಬಳೀನ? ನಿಂಗೆ ಕೊಟ್ಟಿದ್ದು ಬ್ಯಾರೆ. ಅದ್ಕೆ ಯಾವತ್ತೂ ದುಡ್ಡು ಕೇಳಲಿಲ್ಲ ನಾನು."

ಕಂದು ಗಂಟನ್ನು ಮಾತ್ರ ಅವಳು ಹಿಂದಕ್ಕೆ ಕೊಡಲಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡಳು.

* * *

ಮಾರನೆಯ ದಿನ ಮೊದಲ ಬಸ್ಸಿಗೆ ತಿಪ್ಪಕ್ಕ, ಜೋಗಪ್ಪ, ನರಸಕ್ಕ ಹತ್ತಿದರು. ಅಂಬರೀಶನೂ ಅದೇ ಬಸ್ಸಿನಲ್ಲಿದ್ದ. ಯಾರೂ ಅವನನ್ನು ಬಾ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ದಾರಿಯುದ್ದಕ್ಕೂ ಅವರು ಮುಂದಿನ ಸೀಟಿನಲ್ಲಿ ಯಾರದೋ ಮಗುವಿನ ನಾಮಕರಣದ ಮಾತಾಡಿಕೊಂಡರು. ಹಿಂದೂಪುರದಲ್ಲಿ ಇಳಿದ ಮೇಲೆ ಅವನೇ ಮುಂದೆ ನಡೆದು ಸೆಂಟರಿನ ಬೀಗ ತೆಗೆದು, ಎಂದಿನಂತೆ ಕಸ ಗುಡಿಸಿ, ಕಂಪ್ಯೂಟರುಗಳನ್ನು ಹಚ್ಚಿದ.

ಈಶ್ವರ್ ಬೈಕಿನಿಂದ ಇಳಿಯುವಷ್ಟರಲ್ಲಿ ಬಾಗಿಲ ಮುಂದಿನ ಕಟ್ಟೆಯ ತುಂಬ ಕಂಬಳಿ ಹಾಸಿತ್ತು. ಅವತ್ತು ತಿಪ್ಪಕ್ಕ ಮಾರಲು ತಂದು ವಾಪಸು ಒಯ್ದ ಕಂಬಳಿಯೇ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಮದುವೆಗೆ ಗದ್ದಿಗೆ ಹಾಸುವ ಹಾಗೆ ಹಾಸಿ, ಮೂವರೂ ಅದರ ಮೇಲೆ ಕೂತಿದ್ದರು. ಒಳಗೆ ಹೋಗಬೇಕಾದರೆ ಅದನ್ನು ತುಳಿದೇ ಹೋಗಬೇಕು. ಕಾಲೇಜು ಹುಡುಗರು ಚಪ್ಪಲಿ ಹಾಕಿಕೊಂಡು ಅರಿಶಿನ ತುಳಿಯಲು ಹಿಂಜರಿದು ರಸ್ತೆಯಲ್ಲೇ ನಿಂತಿದ್ದರು. ಪಕ್ಕದ ಮಂಡಿಯ ಹೆಂಗಸರು ಕೈಯಲ್ಲಿ ಹುಣಸೆ ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದರು.

"ಏನೇ ಇದು ನಾಟಕ? ಏಯ್ ಮುದುಕ, ಏಳು. ದುಡ್ಡು ಬಂದಿಲ್ಲ ಅಂತ ಹೇಳಿಲ್ವಾ ನಿಮ್ಗೆ? ಕಂಪನಿ ಕೊಟ್ರೆ ನಾನು ಕೊಡೋದು. ನಂದೇನು ಟಂಕಸಾಲೆನಾ?"

"ದುಡ್ಡು ಕೇಳೋಕೆ ಬಂದಿಲ್ಲ ಕಣಪ್ಪ," ಎಂದಳು ತಿಪ್ಪಕ್ಕ. "ನಮ್ಮ ಗಂಟು ಕೇಳೋಕೆ ಬಂದಿದೀವಿ. ಗಂಟು ತರ್ಸು. ಇಲ್ಲ ಕಂಬಳಿ ತರ್ಸು. ಅಲ್ಲೀಗಂಟ ಈ ಬಾಗಿಲಾಗೆ ಯಾವನೂ ಯಾವ ಬೆಲೇನೂ ಒಪ್ಪಂಗಿಲ್ಲ."

"ಅಂಬರೀಶ್! ಎಳೆದು ಹಾಕೋ ಆಚೆಗೆ ಇವರ್ನ. ಏನೋ ನೋಡ್ತಾ ಕೂತಿದೀಯ, ಲಂಜಕೊಡಕ."

ಅಂಬರೀಶ್ ಎದ್ದ. ಬಾಗಿಲ ಬಳಿಯ ಕಂಪ್ಯೂಟರಿನ ಮಾನಿಟರನ್ನು ಎರಡೂ ಕೈಯಲ್ಲಿ ಹಿಡಿದು ರಸ್ತೆಯ ಕಡೆ ತಿರುಗಿಸಿದ. ವೈರು ಬಿಗಿದು ಕರಕರ ಎಂದಿತು. ಬಿಳಿ ಗೋಡೆ, ಕಿಟಕಿ, ಕುರ್ಚಿಯಲ್ಲಿ ಮುದುಕಿ, ಅವಳ ಕಾಲ ಮೇಲೆ ಕರಿ ಕಂಬಳಿ. ಮೂಲೆಯಲ್ಲಿ ಗಂಟು ಹಾಗೇ ಜೋತಾಡುತ್ತಿತ್ತು. ಪುಣೆಯಾಕೆ ಬೆಲೆ ಒಪ್ಪಿದ ದಿನವೇ ದುಡ್ಡು ಕಟ್ಟಿದ್ದಾಳೆಂದು ಅವನು ಕನ್ನಡದಲ್ಲಿ ಹೇಳಿದ. ರಸ್ತೆಯಲ್ಲಿದ್ದವರಿಗೆ ತಿಳಿಯಲೆಂದು ಅದನ್ನೇ ತೆಲುಗಿನಲ್ಲಿ ಹೇಳಿದ. ಅವನ ದನಿ ಹೊರಗೆ ಕೇಳುವಷ್ಟು ಎದ್ದಿರಲಿಲ್ಲ. ಹುಣಸೆ ಬಿಡಿಸುವ ಹೆಂಗಸೊಬ್ಬಳು ಇನ್ನೊಬ್ಬಳಿಗೆ ಜೋರಾಗಿ ಹೇಳಿದಳು. ಅವಳು ಒಳಗಿದ್ದವರಿಗೆ ಕೂಗಿದಳು. ಗೋಡೆಯ ಆಚೆ ಜಜ್ಜುವ ಸದ್ದು ನಿಂತಿತು.

ತಿಪ್ಪಕ್ಕ ಫೋಟೋ ನೋಡಿದಳು. ಕಂಬಳಿಗಿಂತ ಹೆಚ್ಚು ಹೊತ್ತು ಕುರ್ಚಿಯ ಮುದುಕಿಯನ್ನು ನೋಡಿದಳು.

"ಪಾಪ, ಚೆನ್ನಾಗಿದಾಳೆ," ಎಂದಳು. "ನಾನು ಸಾವಾಗೈತೆ ಅಂದ್ಕಂಡಿದ್ದೆ."

ಈಶ್ವರ್ ಅಂಬರೀಶನ ಅವ್ವನನ್ನೂ ಅಜ್ಜಿಯನ್ನೂ ಸೇರಿಸಿ ಬಯ್ಯುತ್ತಾ ಫೋನು ತೆಗೆದು ಪೊಲೀಸು ಸ್ಟೇಷನ್ನಿನಲ್ಲಿದ್ದ ಪರಿಚಯದವನಿಗೆ ಡಯಲು ಮಾಡತೊಡಗಿದ. ಅಂಬರೀಶ್ ಸೆಂಟರಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊಸ್ತಿಲಿಗೆ ಬಂದ. ಚಪ್ಪಲಿ ಬಿಟ್ಟ. ಜೋಗಪ್ಪನ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವಿತ್ತು. ಅಲ್ಲಿ ಕೂರಲೆಂದು ಬಗ್ಗಿದ.

"ನೀನು ಬ್ಯಾಡ," ಎಂದಳು ತಿಪ್ಪಕ್ಕ.

ಅವನು ಬಗ್ಗಿದಲ್ಲೇ ನಿಂತ.

ಅವಳು ಸೆರಗಿನ ತುದಿ ಬಿಚ್ಚಿ ಕಂದು ಗಂಟನ್ನು ತೆಗೆದು ಕಂಬಳಿಯ ಮೇಲೆ, ಆ ಖಾಲಿ ಜಾಗದಲ್ಲಿ, ಇಟ್ಟಳು. "ನಿಂತೇ ಇರು. ಸುಳ್ಳು ಗಂಟು ಹಾಕಿದೋನು ಗದ್ದಿಗೆ ಮ್ಯಾಲೆ ಕೂರಂಗಿಲ್ಲ." ಅಷ್ಟು ಹೇಳಿ ರಸ್ತೆಯ ಕಡೆ ಮುಖ ತಿರುಗಿಸಿದಳು.

ಹಿಂದೆ ಸೆಂಟರು, ಮುಂದೆ ಕಂಬಳಿ. ಅಂಬರೀಶ್ ಗೋಡೆಗೆ ಬೆನ್ನು ಒತ್ತಿಕೊಂಡು, ಅರಿಶಿನದ ಅಂಚನ್ನು ಕಾಲಿಗೆ ಮುಟ್ಟಿಸದೆ, ಮೆಲ್ಲಗೆ ಪಕ್ಕದಿಂದ ಕೆಳಗಿಳಿದ. ಮೆಟ್ಟಿಲು ಮುಗಿದ ಮೇಲೆ ಚರಂಡಿಯ ಚಪ್ಪಡಿ. ಬರಿಗಾಲಲ್ಲಿ ಅದರ ಮೇಲೆ ನಿಂತ. ಅದು ಅಲ್ಲಾಡಿತು. ಹಿಡಿದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಬೀದಿಯ ತುದಿಯಲ್ಲಿ ಪೊಲೀಸು ಜೀಪು ತಿರುಗುವುದು ಕಾಣಿಸಿತು.